ಮೊದಲ ಮಳೆಗೆ ಮುನಿಯುವ ವೈಪರು

ಜೂನ್ ಕೊನೆಯ ವಾರ. ದಿಲ್ಲಿಯ ಮಥುರಾ ರಸ್ತೆಯ ಮೇಲೆ ಮಧ್ಯಾಹ್ನ ಮೂರಕ್ಕೇ ಸಂಜೆಗತ್ತಲು. ಎರಡು ತಿಂಗಳು ಬರೀ ಧೂಳು ಕುಡಿದ ಊರಿನ ಮೇಲೆ ಮೊದಲು ನಾಲ್ಕು ದಪ್ಪ ಹನಿ, ಆಮೇಲೆ ಯಾರೋ ಕೊಡ ಬೋರಲು ಹಾಕಿದ ಹಾಗೆ ಮಳೆ. ಓಖ್ಲಾ ಕಡೆ ತಿರುಗುವಲ್ಲಿ ಬಸ್ಸು, ಟೆಂಪೊ, ಇ-ರಿಕ್ಷಾಗಳ ನಡುವೆ ಎರಡೇ ಸೀಟಿನ ಒಂದು ತಗ್ಗು ಕಾರು ಪಕ್ಕಕ್ಕೆ ಸರಿದು ನಿಂತಿದೆ. ಕ್ಯಾನ್ವಾಸ್ ಟಾಪನ್ನು ಅರ್ಧ ಎಳೆದುಕೊಂಡ ಮಾಲೀಕರು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದು ಕೈಯನ್ನು ಆಚೆ ಚಾಚಿ ಕರವಸ್ತ್ರದಲ್ಲಿ ಗಾಜು ಒರೆಸುತ್ತಿದ್ದಾರೆ. ವೈಪರ್ ಕಡ್ಡಿಗಳೆರಡೂ ಗಾಜಿನ ಬುಡದಲ್ಲಿ ತೆಪ್ಪಗೆ ಮಲಗಿವೆ.

ಪಕ್ಕದಲ್ಲಿ ನಿಂತ ಟೆಂಪೊ ಚಾಲಕ ಬೀಡಿಯ ತಂಬಾಕು ಉದುರಿಸಿ ಕೊಟ್ಟು, ಗಾಜಿಗೆ ಉಜ್ಜಲು ಹೇಳುತ್ತಾನೆ. ನಮ್ಮ ಮಲೆನಾಡಿನ ಹಳೇ ಬಸ್ ಚಾಲಕರಿಗೂ ಗೊತ್ತಿದ್ದ ವಿದ್ಯೆ ಇದು: ಹೊಗೆಸೊಪ್ಪು ಉಜ್ಜಿದ ಗಾಜಿನ ಮೇಲೆ ನೀರು ಹನಿಯಾಗಿ ನಿಲ್ಲದೆ ಹಾಳೆಯಾಗಿ ಜಾರುತ್ತದೆ, ಹತ್ತು ನಿಮಿಷ ದಾರಿ ಕಾಣುತ್ತದೆ. ಓಖ್ಲಾದ ಗ್ಯಾರೇಜು ಮುಟ್ಟಲು ಅಷ್ಟು ಸಾಕು. ಮುಟ್ಟಿದ ಕೂಡಲೇ ಎಲ್ಲ ಮಾಲೀಕರೂ ಹೇಳುವ ಮಾತು ಒಂದೇ, ‘ವೈಪರ್ ಮೋಟಾರ್ ಸುಟ್ಟುಹೋಗಿದೆ’.

ಹತ್ತರಲ್ಲಿ ಎಂಟು ಸಲ ಅದು ಸುಟ್ಟಿರುವುದಿಲ್ಲ. ಇದು ನನ್ನ ಲೆಕ್ಕವಲ್ಲ, ಹಳೇ ಕಾರಿನ ಕೆಲಸ ಮಾಡುವ ಉಸ್ತಾದರೊಬ್ಬರ ಬಾಯಿಲೆಕ್ಕ. ಒಂದು ಇಡೀ ಭಾನುವಾರ ಅವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತ ಮೇಲೆ ನನಗೂ ಅದು ನಿಜವೆನಿಸಿದೆ.

ಒಂಬತ್ತು ತಿಂಗಳ ನಿದ್ದೆ

ತೀರ್ಥಹಳ್ಳಿ ಕಡೆ ಓಡಾಡುವ ಜೀಪಿನ ವೈಪರಿಗೆ ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡುವೇ ಇಲ್ಲ. ರಬ್ಬರು ಸವೆಯುತ್ತದೆ, ಬದಲಾಯಿಸುತ್ತಾರೆ, ಮುಗಿಯಿತು. ದಿಲ್ಲಿಯ ಕತೆ ಉಲ್ಟಾ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ ದಿಲ್ಲಿಯಲ್ಲಿ 700–800ರ ಆಸುಪಾಸು. ಅದರ ಬಹುಪಾಲು ಮುಂಗಾರಿನ ತಿಂಗಳುಗಳಲ್ಲೇ ಸುರಿದು ಹೋಗುತ್ತದೆ. ಕೆಲವೊಮ್ಮೆ ಒಂದೇ ದಿನಕ್ಕೆ: 2024ರ ಜೂನ್ 28ರ ಬೆಳಗ್ಗೆ ಮುಗಿದ 24 ಗಂಟೆಗಳಲ್ಲಿ ಸಫ್ದರ್‌ಜಂಗ್ ವೀಕ್ಷಣಾಲಯ 228.1 ಮಿಲಿಮೀಟರ್ ಮಳೆ ದಾಖಲಿಸಿತು. 1936ರ ನಂತರ ಜೂನ್ ತಿಂಗಳಲ್ಲಿ ಅಷ್ಟು ಮಳೆ ಒಂದು ದಿನಕ್ಕೆ ಬಿದ್ದಿರಲಿಲ್ಲ.

ಅಂದರೆ ವೈಪರ್ ಮೋಟಾರು ಇಲ್ಲಿ ವರ್ಷದ ಮುಕ್ಕಾಲು ಪಾಲು ಮಲಗಿರುತ್ತದೆ. ಆ ಮುಕ್ಕಾಲು ಪಾಲಿನಲ್ಲೇ 45 ಡಿಗ್ರಿಯ ಬಿಸಿಲೂ ರಾಜಸ್ಥಾನದಿಂದ ತೂರಿಬರುವ ಧೂಳೂ ಇವೆ. ಗ್ರೀಸಿನಲ್ಲಿರುವ ಎಣ್ಣೆ ಬಿಸಿಗೆ ಬಿಟ್ಟುಹೋಗಿ, ಸೋಪಿನಂಥ ಅಂಶ ಮಾತ್ರ ಉಳಿದು, ಅದಕ್ಕೆ ಧೂಳು ಸೇರಿ ಹಳೇ ಮೇಣದ ಹಾಗೆ ಗಟ್ಟಿಯಾಗುತ್ತದೆ. ಮೊದಲ ಮಳೆಯ ದಿನ ಸ್ವಿಚ್ ಒತ್ತಿದರೆ ಮೋಟಾರು ಆ ಮೇಣದಲ್ಲಿ ಸಿಕ್ಕಿಕೊಂಡು ಏಳಲಾರದೆ ಒದ್ದಾಡುತ್ತದೆ.

ಇದಕ್ಕೆ ಕಾನೂನಿನ ಪಾಲೂ ಇದೆ. 15 ವರ್ಷ ದಾಟಿದ ಪೆಟ್ರೋಲ್ ಕಾರು ದಿಲ್ಲಿ ಸೀಮೆಯಲ್ಲಿ ಓಡಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 50 ವರ್ಷ ದಾಟಿದ ಕಾರುಗಳಿಗೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಬೇರೆ ಬಾಗಿಲು ತೆರೆಯಿತು: 20,000 ರೂಪಾಯಿ ಶುಲ್ಕ, ಹತ್ತು ವರ್ಷದ ನೋಂದಣಿ, ನಂಬರಿನಲ್ಲಿ ‘ವಿಎ’ ಅಕ್ಷರ. ಆದರೆ ಅಂಥ ಕಾರನ್ನು ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲಿಗೆ, ರಿಪೇರಿಗೆ ಮಾತ್ರ ರಸ್ತೆಗಿಳಿಸಬಹುದು. ದಿನಾ ಆಫೀಸಿಗೆ ಒಯ್ಯುವ ಹಾಗಿಲ್ಲ. ದಿಲ್ಲಿಯಲ್ಲಿ 1964ರಿಂದ ನಡೆಯುತ್ತಿರುವ ಸ್ಟೇಟ್ಸ್‌ಮನ್ ವಿಂಟೇಜ್ ರ‍್ಯಾಲಿಯಂಥ ಮೆರವಣಿಗೆಗಳು ಇರುವುದು ಚಳಿಗಾಲದ ಎಳೆ ಬಿಸಿಲಿನಲ್ಲಿ. ವೈಪರನ್ನು ಆಗ ಯಾರು ಮುಟ್ಟುತ್ತಾರೆ?

ಎಂಜಿ ಎಂದರೆ ಹೆಕ್ಟರ್ ಅಲ್ಲದ ಕಾಲ

ಇಂದು ಎಂಜಿ ಎಂದರೆ ಓದುಗರ ಕಣ್ಣಿಗೆ ಬರುವುದು 2019ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಹೆಕ್ಟರ್. ಆ ಎರಡಕ್ಷರದ ಹಳೇ ವಾರಸುದಾರ ಇಂಗ್ಲೆಂಡಿನದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಕಾರ್ಖಾನೆಗಳು ಜಗತ್ತಿಗೆಲ್ಲ ಕಳಿಸಿದ ಪುಟ್ಟ ತೆರೆದ ಕಾರುಗಳ ಬಳಗ ಅದು. ಎಂಜಿ ಟಿಸಿ, ಟಿಡಿ, ಆಮೇಲೆ 1962ರಿಂದ 1980ರವರೆಗೆ ತಯಾರಾದ ಎಂಜಿಬಿ, ಟ್ರಯಂಫ್, ಆಸ್ಟಿನ್-ಹೀಲಿ, ಎಲ್ಲರಿಗಿಂತ ಎತ್ತರದ ಪೀಠದಲ್ಲಿ ಕೂತ ಜಾಗ್ವಾರ್ ಇ-ಟೈಪ್.

ಆಮದಿಗೆ ಬಾಗಿಲು ಮುಚ್ಚಿದ್ದ ದಶಕಗಳಲ್ಲಿ ದಿಲ್ಲಿಗೆ ಇಂಥ ಕಾರು ಬರುತ್ತಿದ್ದ ಒಂದು ದಾರಿ ರಾಯಭಾರ ಕಚೇರಿಗಳದ್ದು. ವಾಪಸು ಹೊರಟ ವಿದೇಶಿ ಅಧಿಕಾರಿ ಬಿಟ್ಟುಹೋದ ಕಾರು ಸರ್ಕಾರಿ ಸ್ವಾಮ್ಯದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟವಾಗುತ್ತಿತ್ತು. ಇನ್ನುಳಿದವು ಅರಮನೆಗಳಿಂದ, ಚಹಾ-ಕಾಫಿ ತೋಟದ ಬಂಗಲೆಗಳಿಂದ, ನಿವೃತ್ತ ಸೇನಾಧಿಕಾರಿಗಳ ಗ್ಯಾರೇಜುಗಳಿಂದ ಕೈ ಬದಲಾಯಿಸುತ್ತ ಬಂದವು.

ಮಾಡೆಲ್ಲು ಯಾವುದಿದ್ದರೂ ವೈಪರಿನ ಮೋಟಾರು ಬಹುತೇಕ ಒಂದೇ ಮನೆಯದು: ಬರ್ಮಿಂಗ್‌ಹ್ಯಾಮಿನ ಲೂಕಸ್. ಡೈನಮೋ, ಸ್ಟಾರ್ಟರ್, ಹೆಡ್‌ಲೈಟ್, ಹಾರ್ನ್, ಸ್ವಿಚ್ಚು, ಎಲ್ಲವೂ ಲೂಕಸ್. ಈ ಕಂಪನಿಯ ಬಗ್ಗೆ ಇಂಗ್ಲಿಷರೇ ಕಟ್ಟಿದ ಕುಹಕಗಳಿಗೆ ಲೆಕ್ಕವಿಲ್ಲ. ರಾತ್ರಿ ದೀಪ ಆರಿಹೋಗುವ ಕಾರಣಕ್ಕೆ ಲೂಕಸ್‌ಗೆ ‘ಕತ್ತಲೆಯ ರಾಜಕುಮಾರ’ ಎಂಬ ಬಿರುದೂ ಇದೆ. ನನಗೆ ಈ ಬಿರುದು ಅನ್ಯಾಯವೆನಿಸುತ್ತದೆ. ಅರವತ್ತು ವರ್ಷ ಕಳೆದ ಮೇಲೂ ಬಿಚ್ಚಿ ತೊಳೆದರೆ ಓಡುವ ಮೋಟಾರನ್ನು ಇವತ್ತು ಯಾವ ಕಂಪನಿ ಮಾಡುತ್ತದೆ? ಈಗಿನ ಕಾರಿನ ವೈಪರ್ ಮೋಟಾರನ್ನು ಬಿಚ್ಚಲು ಸ್ಕ್ರೂವೇ ಇರುವುದಿಲ್ಲ ಎಷ್ಟೋ ಸಲ.

ಇದೇ ಲೂಕಸ್ ಭಾರತಕ್ಕೂ ಬಂತು. ಟಿವಿಎಸ್ ಮನೆತನದ ಜೊತೆಗೂಡಿ 1961ರಲ್ಲಿ ಮದರಾಸಿನಲ್ಲಿ ಲೂಕಸ್-ಟಿವಿಎಸ್ ಶುರುವಾಯಿತು. ನಮ್ಮ ಅಂಬಾಸಡರಿನ ವಿದ್ಯುತ್ ಸಾಮಾನು ಆ ವಂಶದ್ದು. ಹಾಗಾಗಿ ಎಂಜಿಯನ್ನು ಎಂದೂ ನೋಡದ ಆಟೊ ಎಲೆಕ್ಟ್ರಿಷಿಯನ್ನಿಗೂ ಅದರ ವೈಪರ್ ಮೋಟಾರು ಕಂಡಾಗ ಹತ್ತಿರದ ನೆಂಟನನ್ನು ಕಂಡ ಹಾಗಾಗುತ್ತದೆ.

ಓಖ್ಲಾ ಯಾಕೆ?

ಯಮುನೆಯ ದಂಡೆಯ ಓಖ್ಲಾದಿಂದ 1874ರಲ್ಲೇ ಆಗ್ರಾ ಕಾಲುವೆ ಹೊರಟಿತ್ತು. ಕಾರ್ಖಾನೆಗಳ ಓಖ್ಲಾ ಹುಟ್ಟಿದ್ದು ಸ್ವಾತಂತ್ರ್ಯದ ನಂತರ. ಸಣ್ಣ ಕೈಗಾರಿಕೆಗಳಿಗೆಂದು 1955ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮ, ಅಂದರೆ ಎನ್‌ಎಸ್‌ಐಸಿ, ಇಲ್ಲಿ ಬೇರೂರಿತು. ಜರ್ಮನಿಯ ಸಹಕಾರದಲ್ಲಿ ಯಂತ್ರಕೆಲಸ ಕಲಿಸುವ ಕೇಂದ್ರವೂ ಬಂತು. ಮೆಟ್ರೊ ನಿಲ್ದಾಣವೊಂದಕ್ಕೆ ಈಗಲೂ ‘ಓಖ್ಲಾ ಎನ್‌ಎಸ್‌ಐಸಿ’ ಎಂದೇ ಹೆಸರು.

ಫೇಸ್ ಒಂದು, ಎರಡು, ಮೂರು ಎಂದು ಹರಡಿದ ಈ ಪ್ರದೇಶದ ಮುಖ್ಯ ರಸ್ತೆಗಳಲ್ಲಿ ಈಗ ಗಾಜಿನ ಕಟ್ಟಡ, ಕಾರ್ ಶೋರೂಮು, ಗಾರ್ಮೆಂಟ್ಸ್. ಹಿಂದಿನ ಓಣಿಗಳಿಗೆ ನುಗ್ಗಿದರೆ ಲೇತ್ ತಿರುಗಿಸುವವರು, ಗೇರ್ ಕಡಿಯುವವರು, ಪಾಲಿಶ್ ಹಾಕುವವರು, ಪಂಪು-ಮಿಕ್ಸಿಗಳಿಗೆ ವೈಂಡಿಂಗ್ ಕಟ್ಟುವವರು ಸಿಗುತ್ತಾರೆ. ಹಳೇ ಕಾರಿಗೆ ಬೇಕಾದ್ದು ಇದೇ ನೆರೆಹೊರೆ. ಬುಶ್ ಸಿಗಲಿಲ್ಲವೇ, ಕಂಚಿನ ತುಂಡು ಕೊಟ್ಟರೆ ಎರಡು ಅಂಗಡಿ ಆಚೆ ತಿರುವಿಕೊಡುತ್ತಾರೆ. ಸಿಗದ ಸಾಮಾನಿಗೆ ಕಾಶ್ಮೀರಿ ಗೇಟಿನ ಬಿಡಿಭಾಗದ ಪೇಟೆ, ಅಲ್ಲೂ ಇಲ್ಲದಿದ್ದರೆ ಮಾಯಾಪುರಿಯ ಗುಜರಿ. ಬೆಂಗಳೂರಿನವರು ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರಗಳನ್ನು ನೆನೆದರೆ ಚಿತ್ರ ಸಿಕ್ಕುತ್ತದೆ.

ಮೋಟಾರು, ಸರಿಗೆ, ಗರಾರಿ

ರಿಪೇರಿ ಅರ್ಥವಾಗಬೇಕಾದರೆ ಒಳಗೇನಿದೆ ಎಂದು ಒಮ್ಮೆ ನೋಡಬೇಕು. ಹೊಲಿಗೆ ಯಂತ್ರದಲ್ಲಿ ಪಾದದ ಮೇಲುಕೆಳಗಿನ ತುಳಿತ ಚಕ್ರದ ತಿರುಗಾಟವಾಗುತ್ತದಲ್ಲ, ಇಲ್ಲಿ ಅದರ ತಲೆಕೆಳಗು. ಬಾನೆಟ್ಟಿನ ಕೆಳಗೆ, ಡ್ಯಾಶ್‌ಬೋರ್ಡಿನ ಹಿಂಗೋಡೆಗೆ ಕೂತ ಮೋಟಾರು ಒಂದೇ ದಿಕ್ಕಿಗೆ ತಿರುಗುತ್ತದೆ. ಅದರ ಶಾಫ್ಟಿನ ತುದಿಯ ಸುರುಳಿ ಹಲ್ಲು ಒಂದು ದೊಡ್ಡ ಗರಾರಿಯನ್ನು ನಿಧಾನಕ್ಕೆ ತಿರುಗಿಸುತ್ತದೆ. ಗರಾರಿಯ ಅಂಚಿನಲ್ಲಿ ಒಂದು ಗೂಟ, ಗೂಟಕ್ಕೊಂದು ಕೊಂಡಿ, ಕೊಂಡಿ ಒಂದು ಉದ್ದ ಸರಿಗೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತದೆ.

ಆ ಸರಿಗೆ ಸ್ಕೂಟರಿನ ಕ್ಲಚ್ ಕೇಬಲ್ಲಿನಂತೆ ಬಾಗುತ್ತದೆ, ಆದರೆ ಅದರ ಮೈ ಬೇರೆ. ವೀಣೆಯ ಮಂದ್ರ ತಂತಿಗೆ ಸುತ್ತು ಹಾಕಿರುತ್ತಾರಲ್ಲ, ಹಾಗೆ ಒಳತಂತಿಯ ಸುತ್ತ ಇನ್ನೊಂದು ತಂತಿ, ಸುತ್ತಿಗೂ ಸುತ್ತಿಗೂ ನಡುವೆ ಸಣ್ಣ ಸಂದು ಬಿಟ್ಟು. ಆ ಸುತ್ತುಗಳೇ ಹಲ್ಲುಗಳು. ಉಕ್ಕಿನ ಕೊಳವೆಯೊಳಗೆ ಓಡಾಡುವ ಈ ಸರಿಗೆ ದಾರಿಯಲ್ಲಿ ಎರಡು ಪುಟ್ಟ ಡಬ್ಬಿಗಳನ್ನು ಹಾದುಹೋಗುತ್ತದೆ. ಒಂದೊಂದು ಡಬ್ಬಿಯಲ್ಲೂ ಒಂದು ಗರಾರಿ, ಅದರ ಶಾಫ್ಟ್ ಗಾಜಿನ ಬುಡದಲ್ಲಿ ಹೊರಗೆ ತಲೆ ಹಾಕಿರುತ್ತದೆ, ಆ ತಲೆಗೆ ವೈಪರ್ ಕಡ್ಡಿ. ಸರಿಗೆ ಮುಂದೆ ಹೋದರೆ ಕಡ್ಡಿ ಏಳುತ್ತದೆ, ಹಿಂದೆ ಬಂದರೆ ಇಳಿಯುತ್ತದೆ. ನಿಮಿಷಕ್ಕೆ 45ರಿಂದ 50 ಸಲ.

ಎಂಜಿ ಟಿಸಿಯಂಥ ಇನ್ನೂ ಹಳೇ ಕಾರುಗಳಲ್ಲಿ ಇಷ್ಟು ಗೋಜಿಲ್ಲ. ಪುಟ್ಟ ಮೋಟಾರು ಗಾಜಿನ ಚೌಕಟ್ಟಿನ ಮೇಲೇ ಕೂತಿರುತ್ತದೆ. ಇ-ಟೈಪಿನ ಗಾಜು ಅಗಲ ಹೆಚ್ಚು, ಎತ್ತರ ಕಡಿಮೆ. ಉದ್ದ ಕಡ್ಡಿ ಹಿಡಿಸದು. ಹಾಗಾಗಿ ಅದಕ್ಕೆ ಮೂರು ಕಡ್ಡಿ. ಕೆಟ್ಟಾಗ ಮೂರು ಪಾಲು ತಲೆನೋವು.

ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ಆ ಭಾನುವಾರ ಬಂದಿದ್ದು ಪರಿಚಿತರೊಬ್ಬರ 1966ರ ಎಂಜಿಬಿ. ಆರು ತಿಂಗಳ ಹಿಂದಷ್ಟೇ ಬೇರೆಲ್ಲೋ ಪೂರ್ತಿ ಬಣ್ಣ ಹೊಡೆಸಿದ್ದರು. ಕಡುಹಸಿರು ಕನ್ನಡಿಯಂತೆ ಹೊಳೆಯುತ್ತಿತ್ತು. ಮಾಲೀಕರು ಹೊಸ ಮೋಟಾರನ್ನು ಇಂಗ್ಲೆಂಡಿನಿಂದ ತರಿಸಲು ಮನಸ್ಸು ಮಾಡಿಯೇ ಬಂದಿದ್ದರು. ಉಸ್ತಾದ್ ಬಾನೆಟ್ ಎತ್ತಿ, ಗಾಜಿಗೆ ಒಂದು ಮಗ್ ನೀರು ಎರಚಿ, ಸ್ವಿಚ್ ಒತ್ತಲು ಹೇಳಿ, ಕಿವಿ ಹತ್ತಿರ ಒಯ್ದರು. ‘ಪೆಹಲೇ ಸುನೋ, ಫಿರ್ ಖೋಲೋ.’ ಮೊದಲು ಕೇಳಿ, ಆಮೇಲೆ ಬಿಚ್ಚಿ.

ನೀರು ಎರಚಿದ್ದು ಶಾಸ್ತ್ರಕ್ಕಲ್ಲ. ಒಣಗಾಜಿನ ಮೇಲೆ ರಬ್ಬರು ಹಿಡಿದುಕೊಳ್ಳುತ್ತದೆ, ಸರಿ ಇರುವ ಮೋಟಾರೂ ಹೊಯ್ದಾಡುತ್ತದೆ.

ಕಿವಿಗೆ ಸಿಗುವ ಉತ್ತರ ಮೂರು ಬಗೆಯದು. ಗುಂಯ್ ಎಂದು ನರಳಿ ಕಡ್ಡಿ ಅಲುಗದಿದ್ದರೆ ವಿದ್ಯುತ್ ಬರುತ್ತಿದೆ, ಎಲ್ಲೋ ಸಿಕ್ಕಿದೆ. ತಕ್ಷಣ ಸ್ವಿಚ್ ಆರಿಸಬೇಕು. ತಿರುಗಲಾರದೆ ನಿಂತ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ತಂತಿಯ ಮೇಲಿನ ಎನಾಮಲ್ ಬೆಂದು ನಿಜವಾಗಿಯೂ ಸುಡುವುದು ಆಗಲೇ. ಮೋಟಾರು ಜೋರಾಗಿ ತಿರುಗಿಯೂ ಕಡ್ಡಿ ಸುಮ್ಮನಿದ್ದರೆ ಕೊಂಡಿಯೋ ಗರಾರಿಯೋ ಹೋಗಿದೆ. ಸದ್ದೇ ಇಲ್ಲವಾದರೆ ಬಹುಪಾಲು ತಪ್ಪು ಮೋಟಾರಿನದಲ್ಲ.

ನಮ್ಮ ಕಾರು ಮೌನವಾಗಿತ್ತು.

ಹೊಸ ಬಣ್ಣದ ಶಾಪ

ಮೌನಕ್ಕೆ ಮೊದಲ ಶಂಕಿತ ಫ್ಯೂಸು. ಅದನ್ನು ಕೀಳುವ ಬದಲು ಉಸ್ತಾದ್ ಬ್ರೇಕ್ ತುಳಿಯಲು ಹೇಳಿದರು. ಹಿಂದೆ ಕೆಂಪು ದೀಪ ಹತ್ತಿತು. ಇಂಡಿಕೇಟರೂ ಮಿಟುಕಿತು. ‘ಫ್ಯೂಸ್ ಸರಿ ಇದೆ’ ಅಂದರು. ಲೂಕಸ್ ವೈರುಗಳ ಬಣ್ಣಕ್ಕೆ ಒಂದು ವ್ಯಾಕರಣವಿದೆ: ಇಗ್ನಿಷನ್‌ನಿಂದ ಬಂದ ಬಿಳಿ ವೈರು ಫ್ಯೂಸ್ ದಾಟಿದ ಮೇಲೆ ಹಸಿರಾಗುತ್ತದೆ, ಬಾಡಿಗೆ ಸೇರುವುದು ಕಪ್ಪು. ಬ್ರೇಕ್ ದೀಪ, ಇಂಡಿಕೇಟರ್, ವೈಪರ್ ಮೂರೂ ಒಂದೇ ಹಸಿರು ಕೊಂಬೆಯವು. ಎರಡಕ್ಕೆ ನೀರು ಬಂದರೆ ಮೂರನೆಯದರ ನಲ್ಲಿಯವರೆಗೂ ಬಂದೇ ಇದೆ.

ಟೆಸ್ಟ್ ಬಲ್ಬು ಹಸಿರು ವೈರಿನ ತುದಿಯಲ್ಲಿ ಹತ್ತಿತು. ಉಸ್ತಾದ್ ಮೊಸಳೆ ಕ್ಲಿಪ್ಪಿನ ಒಂದು ಉದ್ದ ವೈರನ್ನು ಮೋಟಾರಿನ ಅರ್ತ್ ತುದಿಯಿಂದ ಬಾಡಿಯ ಒಂದು ಬೋಳು ಬೋಲ್ಟಿಗೆ ಸಿಕ್ಕಿಸಿದರು. ಮೋಟಾರು ಮುಲುಕಿತು! ಕಡ್ಡಿಗಳು ಎರಡು ಬೆರಳು ಎದ್ದು, ದಣಿದವರಂತೆ ನಿಂತವು.

ಎಂಜಿಬಿಯ ಮೋಟಾರು ಕೂತಿರುವುದು ಸದ್ದು ಬರದಿರಲೆಂದು ಇಟ್ಟ ರಬ್ಬರ್ ಬುಶ್‌ಗಳ ಮೇಲೆ. ಹಾಗಾಗಿ ಬಾಡಿಯ ಸಂಪರ್ಕ ಅದಕ್ಕೆ ತಾನಾಗಿ ಸಿಗದು. ಕಪ್ಪು ವೈರಿನಿಂದಲೇ ಸಿಗಬೇಕು. ಬಣ್ಣ ಹೊಡೆದವರು ಆ ವೈರು ಕೂರುವ ಜಾಗವನ್ನೂ ಬಿಡದೆ ಮೂರು ಕೋಟ್ ಬಣ್ಣ, ಮೇಲೆ ಲ್ಯಾಕರ್ ಹೊಡೆದಿದ್ದರು. ಬಣ್ಣ ವಿದ್ಯುತ್ತಿಗೆ ಗೋಡೆ. ಹಳೇ ತುಕ್ಕು ಕಾರಿಗಿಂತ ಹೊಸದಾಗಿ ಸಿಂಗಾರಗೊಂಡ ಕಾರಿನಲ್ಲೇ ವಿದ್ಯುತ್ ತೊಂದರೆ ಹೆಚ್ಚು ಎಂಬುದು ಈ ಓಣಿಯ ಹಳೇ ಅನುಭವ. ನಾಣ್ಯದಷ್ಟು ಜಾಗ ಕೆರೆದು, ವಾಸಲೀನ್ ಸವರಿ, ನಕ್ಷತ್ರ ವಾಶರ್ ಹಾಕಿ ಬಿಗಿದಲ್ಲಿಗೆ ಅರ್ಧ ರೋಗ ಹೋಯಿತು.

ಇಲ್ಲಿ ಒಂದು ಎಚ್ಚರಿಕೆ. 1967ರವರೆಗಿನ ಎಂಜಿಬಿಗಳಲ್ಲಿ ಬಾಡಿಗೆ ಕಟ್ಟುವುದು ಬ್ಯಾಟರಿಯ ಪ್ಲಸ್ ತುದಿಯನ್ನು. ಈಗಿನ ಕಾರುಗಳಿಗೆ ಪೂರಾ ವಿರುದ್ಧ. ಸೀಟಿನ ಹಿಂದೆ ಅಡಗಿದ ಆರಾರು ವೋಲ್ಟಿನ ಜೋಡಿ ಬ್ಯಾಟರಿಗಳನ್ನು ಗೊತ್ತಿಲ್ಲದವರು ಉಲ್ಟಾ ಕಟ್ಟಿಬಿಡುತ್ತಾರೆ. ತಮಾಷೆಯೆಂದರೆ ಆಗಲೂ ವೈಪರು ಸರಿಯಾದ ದಿಕ್ಕಿಗೇ ತಿರುಗುತ್ತದೆ. ಆ ಕಾಲದ ಮೋಟಾರಿನಲ್ಲಿ ಒಳಗಿನ ಆರ್ಮೇಚರೂ ಹೊರಗಿನ ಫೀಲ್ಡ್ ಕಾಯಿಲೂ ಎರಡೂ ವಿದ್ಯುತ್ತಿನಿಂದಲೇ ಅಯಸ್ಕಾಂತವಾಗುವುವು. ಉಲ್ಟಾ ಕಟ್ಟಿದರೆ ಎರಡೂ ಮಗುಚಿಕೊಂಡು ಲೆಕ್ಕ ಸರಿಹೋಗುತ್ತದೆ. ರೇಡಿಯೊ ಇದ್ದರೆ ಅದಕ್ಕೆ ಈ ಕ್ಷಮೆ ಇಲ್ಲ.

ಗುಜರಿಯವನ ತಕ್ಕಡಿ

ಇನ್ನರ್ಧ ರೋಗ, ದಣಿವು. ಅದು ಮೋಟಾರಿನದೋ ಸರಿಗೆಯದೋ ಎಂದು ತಿಳಿಯಲು ಎರಡನ್ನೂ ಬೇರ್ಪಡಿಸಬೇಕು. ಉಸ್ತಾದ್ ಮುಚ್ಚಳ ತೆಗೆದು, ಗೂಟದ ಮೇಲಿನ ಸಣ್ಣ ಕ್ಲಿಪ್ಪು ಬಿಡಿಸಿ, ಕೊಂಡಿ ಎತ್ತಿ ಸರಿಗೆಯನ್ನು ಕಳಚಿದರು. ಈಗ ಮೋಟಾರು ಒಂಟಿ. ಸ್ವಿಚ್ ಒತ್ತಿದರೆ ತಿರುಗಿತು, ಆದರೆ ಆಂಪಿಯರ್ ಮೀಟರಿನ ಮುಳ್ಳು ಐದರ ಮೇಲೆ. ಮೂರರ ಆಸುಪಾಸು ಇರಬೇಕಿತ್ತು. ಅಂದರೆ ಮೋಟಾರಿನ ಒಳಗೂ ಬಿಗಿ ಇದೆ.

ಸರಿಗೆಯ ಪಾಳಿ. ತಯಾರಕರ ಕೈಪಿಡಿಯ ಪ್ರಕಾರ, ಕಡ್ಡಿಗಳನ್ನು ಕಳಚಿದ ಮೇಲೆ ಸರಿಗೆಯನ್ನು ಎಳೆಯಲು ಆರು ಪೌಂಡಿಗಿಂತ, ಅಂದರೆ ಸುಮಾರು 2.7 ಕಿಲೊಗಿಂತ, ಹೆಚ್ಚು ಬಲ ಬೇಕಾಗಬಾರದು. ಅಳೆಯುವುದು ಹೇಗೆ? ಚೋಟು ಎಂದು ಎಲ್ಲರೂ ಕರೆಯುವ ಹುಡುಗ ಬೀದಿಗೆ ಓಡಿ, ಹಳೇ ಪೇಪರ್ ಕೊಳ್ಳುವ ಕಬಾಡಿವಾಲಾನ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ತಂದ. ಸರಿಗೆಯ ತುದಿಗೆ ಕೊಕ್ಕೆ ಹಾಕಿ ಎಳೆದರೆ ಮುಳ್ಳು ಏಳು ಕಿಲೊ ದಾಟಿತು. ಹೊರಗೆ ಕಬಾಡಿವಾಲಾ ತನ್ನ ತಕ್ಕಡಿಗಾಗಿ ಕೂಗುತ್ತಿದ್ದ.

ಸರಿಗೆ ಹೊರಬಂದಾಗ ಅದರ ಸಂದುಗಳ ತುಂಬ ಕಂದು ಗಸಿ, ಆರಿದ ಬೆಲ್ಲದ ಪಾಕದ ಹಾಗೆ. ಸೀಮೆಎಣ್ಣೆಯಲ್ಲಿ ನೆನೆಸಿಟ್ಟು, ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ, ಕೊಳವೆಗಳೊಳಗೆ ಬಟ್ಟೆ ಕಟ್ಟಿದ ತಂತಿ ಎಳೆದು ಶುಚಿ ಮಾಡಲು ಒಂದು ಗಂಟೆ. ಕೊಳವೆ ಎಲ್ಲಾದರೂ ಜಜ್ಜಿದ್ದರೆ, ಬಾಗು ತೀರ ಚೂಪಾಗಿದ್ದರೆ ಎಷ್ಟು ತೊಳೆದರೂ ಬಿಗಿ ಹೋಗದು. ಡ್ಯಾಶ್‌ಬೋರ್ಡಿನ ಹಿಂದೆ ಸ್ಪೀಕರ್ ಕೂರಿಸಿದವರು ಈ ಕೊಳವೆಯನ್ನು ಒತ್ತಿಬಿಟ್ಟಿರುವುದೂ ಉಂಟಂತೆ.

ಡಬ್ಬಿಯ ಗರಾರಿಗಳನ್ನು ಉಸ್ತಾದ್ ಬೆಳಕಿಗೆ ಹಿಡಿದು ತೋರಿಸಿದರು. ಒಂದು ಪಕ್ಕದ ಹಲ್ಲುಗಳು ಸವೆದು ಚಪ್ಪಟೆ, ಇನ್ನೊಂದು ಪಕ್ಕದವು ಕಾರ್ಖಾನೆಯಿಂದ ಬಂದ ದಿನದಂತೆ. ಕಡ್ಡಿ ಪೂರ್ತಿ ಸುತ್ತು ತಿರುಗುವುದಿಲ್ಲ, ಅರ್ಧ ಸುತ್ತಿಗೂ ಕಡಿಮೆ ಹೊರಳಿ ಹಿಂತಿರುಗುತ್ತದೆ. ಆದ್ದರಿಂದ ಅರವತ್ತು ವರ್ಷದಲ್ಲಿ ಗರಾರಿಯ ಒಂದೇ ಪಕ್ಕ ದುಡಿದಿದೆ. ದೋಸೆ ಮಗುಚಿದ ಹಾಗೆ ಅದನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಹೊಸ ಹಲ್ಲು ಸರಿಗೆಗೆ ಸಿಗುತ್ತದೆ. ಹೊಸ ಡಬ್ಬಿ ತರಿಸುವ ಖರ್ಚು ಉಳಿಯಿತು. ಬದಲಾಯಿಸಲೇ ಬೇಕಾದದ್ದು ಶಾಫ್ಟಿನ ಬುಡದ ರಬ್ಬರ್ ಸೀಲು. ದಿಲ್ಲಿಯ ಬಿಸಿಲಿಗೆ ಅದು ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಮಳೆನೀರು ಅಲ್ಲಿಂದಲೇ ಇಳಿದು ಕಾಲಬುಡದ ಕಾರ್ಪೆಟ್ಟನ್ನು ಕೊಳೆಸುತ್ತದೆ.

ಮುಚ್ಚಳದ ಒಳಗೆ

ಮೋಟಾರು ಬಿಚ್ಚುವ ಮುಂಚೆ ಉಸ್ತಾದ್ ಒಂದು ಮೊಳೆಯಿಂದ ಎರಡು ಭಾಗ ಸೇರುವ ಅಂಚಿಗೆ ಅಡ್ಡ ಗೀಟು ಎಳೆದರು. ಬಿಚ್ಚಿದ್ದು ಹಾಗೆಯೇ ಕೂರಬೇಕು. 1960ರ ದಶಕದ ಕೊನೆಗೆ ಬಂದ ಎರಡು ವೇಗದ ಮೋಟಾರುಗಳಲ್ಲಿ ಇದು ಇನ್ನೂ ಮುಖ್ಯ. ಅವುಗಳಲ್ಲಿ ಫೀಲ್ಡ್ ಕಾಯಿಲ್ ಬದಲು ಶಾಶ್ವತ ಅಯಸ್ಕಾಂತ, ಕಾರ್ಬನ್ ಎರಡರ ಬದಲು ಮೂರು. ಮೂರನೆಯದು ವೇಗ ಹೆಚ್ಚಿಸಲು. ಅದರ ಹೊರಕವಚವನ್ನು ತಿರುಗುಮುರುಗಾಗಿ ಹಾಕಿದರೆ ಮೋಟಾರು ಹಿಂದುಮುಂದಾಗಿ ಓಡುತ್ತದೆ.

ಒಳಗೆ ಕಂಡದ್ದು ಕರಿ ಪುಡಿ. ಕಾರ್ಬನ್ ತುಂಡುಗಳು ಸವೆಯುತ್ತ ಉದುರಿಸಿದ ಪುಡಿ ಅದು. ತಾನೇ ವಿದ್ಯುತ್ ಹರಿಸಬಲ್ಲದು, ಹಾಗಾಗಿ ಕೂರಬಾರದ ಕಡೆ ಕೂತು ಕಿತಾಪತಿ ಮಾಡುತ್ತದೆ. ಆರ್ಮೇಚರಿನ ತುದಿಯ ತಾಮ್ರದ ಪಟ್ಟಿಗಳು, ಅಂದರೆ ಕಮ್ಯುಟೇಟರ್, ಕಪ್ಪಾಗಿದ್ದವು. ಮಾಲೀಕರು ಉತ್ಸಾಹದಿಂದ ಎಮರಿ ಪೇಪರ್ ಎತ್ತಿಕೊಟ್ಟರು, ಉಸ್ತಾದ್ ಕೈ ಹಿಡಿದು ತಡೆದರು. ಎಮರಿಯ ಗಟ್ಟಿ ಕಣ ತಾಮ್ರದಲ್ಲಿ ನೆಟ್ಟು ಕೂತು ಆಮೇಲೆ ಕಾರ್ಬನ್ನನ್ನು ತಿನ್ನುತ್ತದೆ. ನಯವಾದ ಗಾಜುಪುಡಿಯ ಕಾಗದವನ್ನು ಪಟ್ಟಿಯಾಗಿ ಕತ್ತರಿಸಿ, ಸುತ್ತ ಹಿಡಿದು, ಆರ್ಮೇಚರನ್ನು ಬೆರಳಲ್ಲಿ ತಿರುಗಿಸಿದರೆ ತಾಮ್ರ ಪೂಜೆಯ ಚೆಂಬಿನಂತೆ ಬೆಳಗಿತು. ಪಟ್ಟಿಗಳ ನಡುವಿನ ಕಾಗೆಬಂಗಾರದ ಗೀಟು ತಾಮ್ರಕ್ಕಿಂತ ಕೂದಲೆಳೆ ಕೆಳಗಿರಬೇಕು. ಹಲ್ಲಿನ ಅಂಚು ಉಜ್ಜಿ ತೆಳ್ಳಗೆ ಮಾಡಿದ ಮುರುಕು ಹ್ಯಾಕ್ಸಾ ಬ್ಲೇಡಿನಿಂದ ಅವನ್ನು ಒಂದೊಂದಾಗಿ ಕೆರೆದರು. ಹೊರಗೆ ಎಷ್ಟು ಹಾರ್ನ್ ಬಡಿದರೂ ಆ ಇಪ್ಪತ್ತು ನಿಮಿಷ ಅವರು ತಲೆ ಎತ್ತಲಿಲ್ಲ.

ಬಿಗಿಯ ಮೂಲ ಸಿಕ್ಕಿದ್ದು ಗೇರಿನ ಡಬ್ಬಿಯಲ್ಲಿ. ಗ್ರೀಸು ಅಡಿಕೆ ಗಾತ್ರದ ಉಂಡೆಯಾಗಿ ಮೂಲೆಯಲ್ಲಿ ಕೂತಿತ್ತು. ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿದರೆ ಟಕ್ಕೆಂದು ಬಂತು. ಅದು ಸಾಲದೆಂಬಂತೆ, ಶಾಫ್ಟ್ ಹಿಂದೆಮುಂದೆ ಆಡದಿರಲೆಂದು ಇಟ್ಟ ಪಕ್ಕದ ಸ್ಕ್ರೂವನ್ನು ಹಿಂದೆ ಯಾರೋ ಗಟ್ಟಿಯಾಗಿ ಬಿಗಿದುಬಿಟ್ಟಿದ್ದರು. ಅದಕ್ಕೆ ಉಗುರಿನ ದಪ್ಪಕ್ಕಿಂತ ಕಡಿಮೆ ಸಡಿಲ ಬೇಕೇ ಬೇಕು. ಬಿಗಿದಷ್ಟೂ ಒಳ್ಳೆಯದೆಂಬುದು ನಮ್ಮ ಮೆಕ್ಯಾನಿಕ್ಕುಗಳ ದೊಡ್ಡ ಮೂಢನಂಬಿಕೆ.

ಹೊಸ ಗ್ರೀಸನ್ನು ಉಸ್ತಾದ್ ಕಿರುಬೆರಳಿನ ತುದಿಯಷ್ಟೇ ಹಚ್ಚಿದರು. ಬುಶ್ಶಿನ ಸುತ್ತಲಿನ ಫೆಲ್ಟಿಗೆ ಎರಡು ಹನಿ ಹೊಲಿಗೆಯಂತ್ರದ ಎಣ್ಣೆ. ಜೋಡಿಸಿ ನೋಡಿದರೆ ಮುಳ್ಳು ಮೂರಕ್ಕೆ ಬಂದು ನಿಂತಿತು.

ಇಷ್ಟಾದರೂ ಏಳದ ಮೋಟಾರು ಬಂದರೆ ಆಗ ಮಾತ್ರ ವೈಂಡಿಂಗ್ ಅಂಗಡಿ. ಕೂದಲಿನಂಥ ತಂತಿಯನ್ನು ಎಣಿಸಿ ಬಿಚ್ಚಿ, ಅಷ್ಟೇ ಸುತ್ತು ಮತ್ತೆ ಕಟ್ಟುವ ಕೆಲಸ. ಮಿಕ್ಸಿ ಮೋಟಾರು ಕಟ್ಟುವವರಿಗೆ ಇದು ಕಷ್ಟವಲ್ಲ, ಎಣಿಕೆ ತಪ್ಪದಿದ್ದರೆ.

ಅಂಬಾಸಡರಿನದು ಹಾಕಿದರೆ?

ಗಡಿಬಿಡಿಯವರು ಈ ದಾರಿ ಹಿಡಿಯುತ್ತಾರೆ: ಹೇಗೂ ಒಂದೇ ವಂಶ, ಮಾಯಾಪುರಿಯಿಂದ ಅಂಬಾಸಡರಿನದೋ ಹಳೇ ಸ್ಟ್ಯಾಂಡರ್ಡ್ ಹೆರಾಲ್ಡಿನದೋ ಮೋಟಾರು ತಂದು ಕೂರಿಸೋಣ. ಮೇಲ್ನೋಟಕ್ಕೆ ಕೂರಲೂಬಹುದು. ಆದರೆ ಲೂಕಸ್ ಗರಾರಿಯ ಮೇಲೆ ಒಂದು ಸಂಖ್ಯೆ ಕೊರೆದಿರುತ್ತದೆ, ಕಡ್ಡಿ ಎಷ್ಟು ಡಿಗ್ರಿ ಹೊರಳಬೇಕೆಂಬ ಲೆಕ್ಕ ಅದು. ಬೇರೆ ಕಾರಿನ ಸಂಖ್ಯೆ ಬೇರೆ. ಹತ್ತು-ಹದಿನೈದು ಡಿಗ್ರಿ ಹೆಚ್ಚಾದರೆ ಕಡ್ಡಿ ಗಾಜು ದಾಟಿ ಚೌಕಟ್ಟಿಗೆ ಹೊಡೆಯುತ್ತದೆ. ಕಡಿಮೆಯಾದರೆ ಕಣ್ಣಿನ ಮುಂದೆಯೇ ಒಂದು ಪಟ್ಟಿ ಒರೆಸದೆ ಉಳಿಯುತ್ತದೆ. ಬುದ್ಧಿವಂತರು ನೆಂಟನ ಮೋಟಾರು ತಂದು, ಒಳಗಿನ ಗರಾರಿ ಮಾತ್ರ ತಮ್ಮದೇ ಹಾಕಿಕೊಳ್ಳುತ್ತಾರೆ.

ಮಳೆಗಾಲದಲ್ಲಿ ಹೊರತೆಗೆಯದ ಕಾರಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 101ನೇ ನಿಯಮಕ್ಕೆ ಓಡುವ ವೈಪರು ಬೇಕು, ಅದಿರಲಿ. ವರ್ಷಕ್ಕೊಮ್ಮೆ ರ‍್ಯಾಲಿಯಿಂದ ವಾಪಸು ಬರುವಾಗ ಮುಂದೆ ಟ್ಯಾಂಕರ್ ಹೋಗುತ್ತ ಕೆಸರು ಎರಚಿದರೆ, ಕರವಸ್ತ್ರ ಹಿಡಿದ ಕೈ ಒಂದೇ ಇರುತ್ತದೆ.

ಮಲಗುವ ಜಾಗ

ಕೊನೆಗೆ ಉಳಿಯುವುದು ಎಲ್ಲರೂ ಮರೆಯುವ ಕೆಲಸ. ಸ್ವಿಚ್ ಆರಿಸಿದ ಕ್ಷಣಕ್ಕೆ ಕಡ್ಡಿ ಎಲ್ಲಿದ್ದರೆ ಅಲ್ಲೇ ನಿಲ್ಲಬಾರದು, ಗಾಜಿನ ಬುಡಕ್ಕೆ ಬಂದು ಮಲಗಬೇಕು. ಅದಕ್ಕೆಂದೇ ಗೇರಿನ ಡಬ್ಬಿಯ ಮೇಲೊಂದು ಗುಮ್ಮಟದಂಥ ಮುಚ್ಚಳ, ಅದರೊಳಗೆ ಎರಡನೇ ಸ್ವಿಚ್ಚು. ಡ್ಯಾಶ್‌ಬೋರ್ಡಿನ ಸ್ವಿಚ್ ಆರಿದರೂ ಇದು ಮೋಟಾರಿಗೆ ದಾರಿ ಬಿಟ್ಟುಕೊಟ್ಟಿರುತ್ತದೆ. ಕಡ್ಡಿ ಬುಡಕ್ಕೆ ಬಂದಾಗ ಗರಾರಿಯ ಸುತ್ತಾಟದಲ್ಲಿ ಅದರ ಸಂಪರ್ಕ ಕಡಿಯುತ್ತದೆ, ಮೋಟಾರು ನಿಲ್ಲುತ್ತದೆ. ಆರಿಸಿದರೂ ನಿಲ್ಲದೆ ಓಡುವ ವೈಪರು, ಗಾಜಿನ ನಡುವೆ ತಟಸ್ಥವಾಗುವ ವೈಪರು, ಎರಡೂ ಈ ಗುಮ್ಮಟದೊಳಗಿನ ಕಾಯಿಲೆಗಳು. ಕಡ್ಡಿಯನ್ನು ಕೈಯಿಂದ ಬಲವಂತವಾಗಿ ಒತ್ತಿ ಮಲಗಿಸುವವರು ಸರಿಗೆಯನ್ನೇ ಜಗ್ಗಿ ಹಾಳುಮಾಡುತ್ತಾರೆ.

ಚೋಟು ಮಗ್ಗಿನಿಂದ ಗಾಜಿಗೆ ನೀರು ಸುರಿಯುತ್ತ ನಿಂತ. ಕಡ್ಡಿಗಳು ಏಳುತ್ತ ಇಳಿಯುತ್ತ ಸಾಗಿದವು, ಹೊಸ ಕಾರಿನಷ್ಟು ಮೌನವಾಗಿ ಅಲ್ಲ, ಒಂದು ಹಿತವಾದ ಗರಗರ ಸದ್ದಿನಲ್ಲಿ. ಸ್ವಿಚ್ ಆರಿಸಿದಾಗ ಬುಡಕ್ಕಿಂತ ನಾಲ್ಕು ಬೆರಳು ಮೇಲೆ ನಿಂತವು. ಉಸ್ತಾದ್ ಮುಚ್ಚಳದ ಸ್ಕ್ರೂ ಸಡಿಲಿಸಿ ಗುಮ್ಮಟವನ್ನು ಎರಡು ಬೆರಳಲ್ಲಿ ಹಿಡಿದು ಒಂದಿಷ್ಟು ತಿರುಗಿಸಿದರು. ಮತ್ತೆ ನೀರು, ಮತ್ತೆ ಸ್ವಿಚ್ಚು. ಎರಡು ಬೆರಳು. ಇನ್ನೊಂದಿಷ್ಟು. ಈ ಸಲ ಕಡ್ಡಿಗಳು ಬಂದು ರಬ್ಬರ್ ಅಂಚಿಗೆ ಒರಗಿ ಮಲಗಿದವು.

ಮಾಲೀಕರಿಗೆ ಅವರು ಕೊಟ್ಟ ಔಷಧ ಚೀಟಿ ಚಿಕ್ಕದು: ಹದಿನೈದು ದಿನಕ್ಕೊಮ್ಮೆ ಗಾಜು ಒದ್ದೆ ಮಾಡಿ ಐದು ನಿಮಿಷ ವೈಪರ್ ಓಡಿಸಿ, ಡಿಸೆಂಬರಿನಲ್ಲೂ. ಇಂಗ್ಲೆಂಡಿನ ಮೋಟಾರಿನ ಮಾತು ಯಾರೂ ಎತ್ತಲಿಲ್ಲ. ಚೋಟು ಹಾಸಿದ್ದ ಪೇಪರನ್ನು ಮಡಚಿ ಕಸಕ್ಕೆ ಹಾಕಲು ಹೊರಟಾಗ ಉಸ್ತಾದ್ ತಡೆದರು. ಆ ಗ್ರೀಸಿನ ಉಂಡೆಯನ್ನು ಎತ್ತಿ, ಗೋಡೆಯ ಗೂಡಿನಲ್ಲಿದ್ದ ಬಾಟಲಿ ಮುಚ್ಚಳದಲ್ಲಿಟ್ಟರು. ಅಲ್ಲಿ ಅಂಥವು ಆಗಲೇ ಐದಾರಿದ್ದವು. ಮುಂದಿನ ಗಿರಾಕಿ ಬಂದು ‘ಮೋಟಾರ್ ಸುಟ್ಟುಹೋಗಿದೆ’ ಅಂದಾಗ ತೋರಿಸುವುದಕ್ಕಂತೆ.